ಮುಖ್ಯ ಅತಿಥಿ ಬೇಡ, ನೆಂಟರಾಗಿ ಬನ್ನಿ

ಮೊನ್ನೆ ಸೋಮವಾರ ಬೆಳಿಗ್ಗೆ ಶಾಲೆಯ ಬೀಗ ತೆಗೆಯಲು ಹೋದರೆ ಮಕ್ಕಳೆಲ್ಲ ನಮಗಿಂತ ಮುಂಚೆ ಬಂದು ಅಂಗಳದಲ್ಲಿ ಗುಂಪು ಕಟ್ಟಿಕೊಂಡು ನಿಂತಿದ್ದರು. ಪರೀಕ್ಷೆಯ ದಿನವೂ ಇಷ್ಟು ಬೇಗ ಬಾರದವರು! ಏನ್ರೋ ಸಮಾಚಾರ ಎಂದು ಕೇಳಿದ್ದೇ ತಡ, ಎಲ್ಲರೂ ಒಟ್ಟಿಗೆ ಕೂಗಿದರು: "ಆನ ಬಂದಿತ್ತು ಸಾ! ಹೆಜ್ಜ ನೋಡಿ ಸಾ!"

ಹೌದು. ರಾತ್ರಿ ಬಿದ್ದ ಮಳೆಗೆ ನೆನೆದಿದ್ದ ಅಂಗಳದ ತುಂಬ ಮೊರದಗಲದ ಹೆಜ್ಜೆಗಳು. ಹಿಂದಿನ ಬೇಲಿ ಮುರಿದುಕೊಂಡು ಬಂದು, ತೊಟ್ಟಿಯಲ್ಲಿ ನೀರು ಕುಡಿದು, ಮಕ್ಕಳು ನೆಟ್ಟಿದ್ದ ಎರಡು ಬಾಳೆಗಿಡ ತಿಂದು, ಗೇಟಿನ ಪಕ್ಕದಲ್ಲಿ ಸದ್ದಿಲ್ಲದೆ ಹೊರಟುಹೋಗಿದ್ದಾರೆ. ಹೋಗಿದ್ದಾರೆ ಎಂದು ಬಹುವಚನ ಯಾಕೆಂದರೆ ದೊಡ್ಡ ಹೆಜ್ಜೆಯ ಪಕ್ಕದಲ್ಲೇ ತಟ್ಟೆಯಷ್ಟಗಲದ ಚಿಕ್ಕ ಹೆಜ್ಜೆಯೂ ಇತ್ತು. ತಾಯಿ, ಮರಿ.

ಆ ದಿನ ಗಣಿತದ ಪಾಠವನ್ನು ನಾವು ಅಂಗಳದಲ್ಲೇ ಮಾಡಿದೆವು. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆ ತೆಗೆದು ಅದನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಆನೆಯ ಹೆಗಲಿನ ಎತ್ತರ ಸಿಗುತ್ತದೆ. ಕಾಡಿನ ಕಡೆಯವರಿಗೆಲ್ಲ ಗೊತ್ತಿರುವ ಲೆಕ್ಕ ಇದು. ಮಕ್ಕಳು ದಾರ ಹಿಡಿದು ಅಳೆದರು. ತಾಯಿಯದು ಮೂರೂಮುಕ್ಕಾಲು ಅಡಿ, ಅಂದರೆ ಎತ್ತರ ಏಳೂವರೆ ಅಡಿ. ಮರಿಯದು ಎರಡು ಅಡಿ, ಎತ್ತರ ನಾಲ್ಕು ಅಡಿ. ಮೂರನೇ ತರಗತಿಯ ಒಬ್ಬ ಗೋಡೆಯ ಮೇಲೆ ನಾಲ್ಕು ಅಡಿಗೆ ಬಳಪದಲ್ಲಿ ಗೆರೆ ಎಳೆದು, ಅದಕ್ಕೆ ಒರಗಿ ನಿಂತು, "ನನ್ನಷ್ಟೇ ಅದ ಸಾ" ಎಂದ. ಅವನ ಮುಖದಲ್ಲಿದ್ದ ಸಂತೋಷವನ್ನು ನೀವು ನೋಡಬೇಕಿತ್ತು. ಗುಣಾಕಾರ ಇಷ್ಟು ಬೇಗ ತಲೆಗೆ ಹತ್ತಿದ್ದನ್ನು ಇಷ್ಟು ವರ್ಷದ ಮೇಷ್ಟ್ರುಗಿರಿಯಲ್ಲಿ ನಾವು ಕಂಡಿಲ್ಲ.

ಹೇಳದೆ ಕೇಳದೆ ಬಂದ ನೆಂಟರು ಒಂದು ಪಾಠ ಮಾಡಿ ಹೋದರು. ಅಂದಿನಿಂದ ತಲೆಯಲ್ಲಿ ಇದೇ ವಿಷಯ ಕೊರೆಯುತ್ತಿದೆ. ನಮ್ಮಂಥ ಊರಿಗೆ, ನಮ್ಮಂಥ ಶಾಲೆಗೆ ಯಾರು ಬರುತ್ತಾರೆ, ಹೇಗೆ ಬರುತ್ತಾರೆ, ಹೇಗೆ ಬಂದರೆ ಚೆನ್ನ? ಇವತ್ತು ಅದನ್ನೇ ಬರೆಯೋಣ ಅನ್ನಿಸಿತು.

ಮೊದಲು ನಮ್ಮ ಜಾಗದ ಬಗ್ಗೆ ಹೊಸಬರಿಗೆ ಎರಡು ಮಾತು. ತಾಳವಾಡಿ ಇರುವುದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ. ಆದರೆ ಮನೆಯ ಮಾತು ಕನ್ನಡ. ನಮ್ಮ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಬಣ್ಣಾರಿಯಮ್ಮನಿಗೆ ಕೈಮುಗಿದು, ಸತ್ಯಮಂಗಲ ದಾಟಿ ಹೋಗಬೇಕು. ಚಾಮರಾಜನಗರಕ್ಕಾದರೆ ಬಸ್ಸು ಹತ್ತಿ ಒಂದು ನಿದ್ದೆ ಮಾಡುವಷ್ಟರಲ್ಲಿ ಊರು ಬಂದಿರುತ್ತದೆ. ಒಂದು ಕಾಲಕ್ಕೆ ನಾವೂ ಕೊಳ್ಳೇಗಾಲದವರೂ ಒಂದೇ ಕೊಯಮತ್ತೂರು ಜಿಲ್ಲೆಯವರು. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಇಲ್ಲೇ ಉಳಿದೆವು. ಹೆಣ್ಣು ಕೊಡುವುದು ತರುವುದು ಮಾತ್ರ ಆಗಲೂ ಈಗಲೂ ಆ ಕಡೆಗೇ. ಸುತ್ತ ಕಾಡು. 2013ರಲ್ಲಿ ಅದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು. ಒಂದು ಕಡೆ ಬಂಡೀಪುರ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ, ಮತ್ತೊಂದು ಕಡೆ ಮುದುಮಲೆ. ಆನೆಗೆ ರಾಜ್ಯದ ಗಡಿ ಎಲ್ಲಿ ಗೊತ್ತು? ಬೆಳಿಗ್ಗೆ ಕರ್ನಾಟಕದಲ್ಲಿ ಎಲೆ ಮೇಯ್ದು ಸಂಜೆಗೆ ತಮಿಳುನಾಡಿನಲ್ಲಿ ನೀರು ಕುಡಿಯುತ್ತದೆ.

ಇಂಥ ಕಡೆ ನೆಂಟರೆಂದರೆ ಬಹಳ ದೊಡ್ಡ ಸಂಗತಿ. ಕಾಗೆ ಕೂಗಿದರೆ ನೆಂಟರು ಬರುತ್ತಾರೆಂದು ಈಗಲೂ ಒಲೆಗೆ ಒಂದು ಹಿಡಿ ಹಿಟ್ಟು ಜಾಸ್ತಿ ಹಾಕುವ ಅಜ್ಜಿಯರು ನಮ್ಮಲ್ಲಿದ್ದಾರೆ. ಮುದ್ದೆಗೆ ಇನ್ನೊಂದು ಉಂಡೆ, ಸಾರಿಗೆ ಇನ್ನೊಂದು ಲೋಟ ನೀರು, ಅಷ್ಟೇ ತಯಾರಿ. ನಾವು ಚಿಕ್ಕವರಿದ್ದಾಗ ಕರೆಯದೆ ಬರುವವರೇ ಹೆಚ್ಚು. ಮಾದಪ್ಪನ ಹೆಸರು ಹೇಳಿ ಕಂಸಾಳೆಯವರು ಬರುತ್ತಿದ್ದರು. ಮಂಟೇಸ್ವಾಮಿಯ ನೀಲಗಾರರು ಬಂದು ಜಗುಲಿಯ ಮೇಲೆ ಕುಳಿತರೆ ಬೀದಿಯೇ ಸೇರುತ್ತಿತ್ತು. ನಾಲ್ಕಾರು ವರ್ಷಕ್ಕೊಮ್ಮೆ ಎತ್ತಿನೊಂದಿಗೆ ಹೆಳವರು ಬರುತ್ತಿದ್ದರು. ನಿಮ್ಮ ತಾತ ಇಂಥವನು, ಮುತ್ತಾತ ಇಂಥವನು, ಮೂಲ ಊರು ಇಂಥದ್ದು, ಇಂಥ ಬರಗಾಲದಲ್ಲಿ ಹೊಳೆ ದಾಟಿ ಬಂದಿರಿ ಎಂದು ನಿಂತ ನಿಲುವಿನಲ್ಲಿ ಹೇಳಿ, ಒಂದು ಮೊರ ರಾಗಿ ಇಸಿದುಕೊಂಡು ಹೋಗುತ್ತಿದ್ದರು. ಅವರು ಹೇಳುವ ವಂಶಾವಳಿಯಲ್ಲಿ ಕರ್ನಾಟಕ, ತಮಿಳುನಾಡು ಎಂಬ ಮಾತೇ ಇರುತ್ತಿರಲಿಲ್ಲ. ಊರು, ದೇವರು, ಹೆಸರು, ಇಷ್ಟೇ.

ತಿಥಿ ಗೊತ್ತುಮಾಡದೆ ಬರುವವನೇ ಅತಿಥಿ ಎಂದು ಪಂಡಿತರು ಪದ ಬಿಡಿಸಿ ಹೇಳುತ್ತಾರೆ. ನಾವು ಟಿ.ಸಿ.ಎಚ್. ಓದುವಾಗ ನಮ್ಮ ಕನ್ನಡ ಮೇಷ್ಟ್ರು ಇದನ್ನು ಹೇಳಿದಾಗ ಪರೀಕ್ಷೆಗೆ ಬರಬಹುದೆಂದು ಬರೆದುಕೊಂಡಿದ್ದೆವು. ಅದರ ಅರ್ಥ ಆಗಿದ್ದು ಮಾತ್ರ ಯಾರೂ ಬಾರದ ದಿನಗಳನ್ನು ನೋಡಿದ ಮೇಲೆ.

ಅಂಥ ದಿನಗಳನ್ನು ನಾವು ಎರಡು ಸಲ ಕಂಡಿದ್ದೇವೆ.

ಡಾ. ರಾಜ್‌ಕುಮಾರ್ ಅವರ ದೊಡ್ಡಗಾಜನೂರು ನಮ್ಮ ತಾಳವಾಡಿಯ ಪಕ್ಕದಲ್ಲೇ ಇದೆ. 2000ನೇ ಇಸವಿಯ ಜುಲೈ 30ರ ರಾತ್ರಿ ಆ ಮನೆಗೆ ಕರೆಯದವರು ಬಂದರು. ಅಣ್ಣಾವ್ರನ್ನು ವೀರಪ್ಪನ್ ಕಾಡಿಗೆ ಕರೆದುಕೊಂಡು ಹೋದ. ನವೆಂಬರ್ 15ರಂದು ಅವರ ಬಿಡುಗಡೆಯಾಗುವ ತನಕ 108 ದಿನ ನಮ್ಮ ಸೀಮೆಯಲ್ಲಿ ಯಾರೂ ನೆಟ್ಟಗೆ ಉಣ್ಣಲಿಲ್ಲ. ಅದಾದ ಮೇಲೂ, 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸಾಯುವವರೆಗೂ, ತಾಳವಾಡಿ ಎಂದರೆ ಜನ ಮುಖ ಮುಖ ನೋಡುತ್ತಿದ್ದರು. ಬೀಗರು ಮದುವೆಯ ಮಾತುಕತೆಯನ್ನು ಚಾಮರಾಜನಗರದಲ್ಲೇ ಮುಗಿಸೋಣ ಅನ್ನುತ್ತಿದ್ದರು. ಬಂದರೂ ಹೊತ್ತು ಮುಳುಗುವ ಮೊದಲೇ ಎದ್ದು ಹೊರಡುತ್ತಿದ್ದರು. ತಂಗಲು ಹೆದರುವ ನೆಂಟನಿಗೆ ಹಾಸಿಗೆ ಹಾಸಿ ಏನು ಮಾಡುವುದು?

ಎರಡನೆಯದು 2020ರ ಕೊರೊನಾ ಕಾಲ. ಚೆಕ್‌ಪೋಸ್ಟಿನಲ್ಲಿ ಅಡ್ಡಗಂಬ ಬಿತ್ತು. ಆ ಕಡೆ ಅಕ್ಕ, ಈ ಕಡೆ ತಮ್ಮ. ಫೋನಿನಲ್ಲೇ ಹಬ್ಬ, ಫೋನಿನಲ್ಲೇ ಸೂತಕ. ಶಾಲೆಯ ಅಂಗಳದಲ್ಲಿ ಮಕ್ಕಳೂ ಇಲ್ಲ, ಬರಿ ತರಗೆಲೆ. ಆದರೆ ನೋಡಿ, ಆ ತಿಂಗಳುಗಳಲ್ಲಿ ನಮ್ಮ ಶಾಲೆಗೆ ಜಿಂಕೆ ಬಂತು, ನವಿಲು ಬಂತು, ಸೂರಿನಲ್ಲಿ ಗುಬ್ಬಿ ಗೂಡು ಕಟ್ಟಿತು. ಪುಸ್ತಕ ಹಂಚಲು ಹೋದ ದಿನ ಒಂದು ಕೆಂದಳಿಲು ಕಪ್ಪುಹಲಗೆಯ ಹಿಂದಿನಿಂದ ಇಣುಕಿ ನಮ್ಮನ್ನೇ, ನೀವ್ಯಾರು ಎಂಬಂತೆ ನೋಡಿತು! ಮನುಷ್ಯರು ಬಾರದಿದ್ದರೆ ಜಾಗ ಖಾಲಿ ಇರುವುದಿಲ್ಲ, ಬೇರೆಯವರು ಬರುತ್ತಾರೆ ಎಂದು ಅವತ್ತು ತಿಳಿಯಿತು. ಸಂತೋಷವೇನೋ ಆಯಿತು. ಆದರೂ ಮಗ್ಗಿ ಹೇಳುವ ಸದ್ದಿಲ್ಲದ ಶಾಲೆಯಲ್ಲಿ ನವಿಲಿನ ಕೂಗು ಕೇಳುವುದು ಅಷ್ಟೇನೂ ಹಿತವಲ್ಲ.

ಈಗ ಕಾಡಿನ ನೆಂಟರ ಮಾತಿಗೆ ಬರೋಣ. ಪಟ್ಟಣದ ಗೆಳೆಯರು ಬಂದಾಗ, "ನೀವೆಷ್ಟು ಪುಣ್ಯವಂತರು, ಮನೆ ಬಾಗಿಲಿಗೆ ಆನೆ ಬರುತ್ತೆ" ಅನ್ನುತ್ತಾರೆ. ನಿಜ, ಪುಣ್ಯವೇ. ಮುಂಗಾರಿಗೆ ಮುಂಚೆ ಪಶ್ಚಿಮದ ಬೆಟ್ಟಗಳಿಂದ ಪೂರ್ವಕ್ಕೂ, ಹಿಂಗಾರಿನ ಹೊತ್ತಿಗೆ ವಾಪಸ್ಸು ಪಶ್ಚಿಮಕ್ಕೂ ಸಾವಿರಾರು ಚಿಟ್ಟೆಗಳು ಹೋಗುತ್ತವೆ. ನೀಲಿ ಚುಕ್ಕೆಯವು, ಕಪ್ಪು ಕಂದು ಬಣ್ಣದವು. ಆ ದಿನಗಳಲ್ಲಿ ಪಾಠ ಕೇಳುವವರು ಯಾರು? ಕಿಟಕಿಯಿಂದ ಎಣಿಸುವುದೇ ಎಣಿಸುವುದು. ಹಾಗೆಯೇ, ಸರ್ಕಾರದ ಬೆಳಗಿನ ಉಪಾಹಾರ ಯೋಜನೆ 2023ರ ಆಗಸ್ಟ್‌ನಲ್ಲಿ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಬಂದ ಮೇಲೆ ಕೋತಿಗಳ ಹಾಜರಿ ಮಕ್ಕಳಿಗಿಂತ ಚೆನ್ನಾಗಿದೆ. ಉಪ್ಪಿಟ್ಟಿನ ದಿನ ಯಾವುದು, ಪೊಂಗಲಿನ ದಿನ ಯಾವುದು ಎಂದು ಅವಕ್ಕೆ ನಮಗಿಂತ ಚೆನ್ನಾಗಿ ಗೊತ್ತು.

ಆದರೆ ಈ ಪುಣ್ಯದ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಶಾಲೆಯ ಎರಡು ಬಾಳೆಗಿಡ ಹೋದರೆ ನಮಗೆ ಕಥೆ. ಅದೇ ಆನೆ ಹೋಗುವ ದಾರಿಯಲ್ಲಿ ಒಬ್ಬ ರೈತರ ಅರ್ಧ ಎಕರೆ ರಾಗಿ ತುಳಿದಿತ್ತು. ಅವರ ಮಗಳು ನಮ್ಮ ನಾಲ್ಕನೇ ತರಗತಿಯವಳು. ಹೆಜ್ಜೆ ಅಳೆಯುವಾಗ ಅವಳೊಬ್ಬಳು ದಾರ ಮುಟ್ಟಲಿಲ್ಲ. ಸಂಜೆ ಅವರ ಮನೆಗೆ ಹೋದೆವು. ಆನೆ ನಮ್ಮ ನೆಂಟರು ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದು ಅವಳ ಬಾಯಿಂದ ಮನೆಗೂ ತಲುಪಿತ್ತು. ಅವರಪ್ಪ ಜಗುಲಿಯ ಮೇಲೆ ಕುಳಿತು ಕೇಳಿದರು: "ಮೇಷ್ಟ್ರೇ, ನೆಂಟ ಅಂದ್ರ ಉಂಡು ಹೋಗೋನು. ಎಲ, ಪಾತ್ರ, ಒಲ ಎಲ್ಲಾನೂ ಗುಡಿಸ್ಕಂಡು ಹೋಗೋನ ನೆಂಟ ಅಂತೀರಾ?"

ನಾವು ಏನು ಹೇಳಬೇಕು? ಸುಮ್ಮನೆ ಕಾಫಿ ಕುಡಿದು ಬಂದೆವು. ದೊಡ್ಡ ಆನೆಗೆ ದಿನಕ್ಕೆ ನೂರೈವತ್ತು ಕಿಲೋ ಮೇವು ಬೇಕು. ಕಾಡಿನಲ್ಲಿ ಅದಕ್ಕಾಗಿ ಇಡೀ ದಿನ ಅಲೆಯಬೇಕು, ಕಬ್ಬಿನ ಗದ್ದೆಯಲ್ಲಿ ಎರಡು ಗಂಟೆಯಲ್ಲಿ ಹೊಟ್ಟೆ ತುಂಬುತ್ತದೆ. ನಮ್ಮ ಕಡೆಯ ರೈತರು ಅಟ್ಟಣೆ ಕಟ್ಟಿ, ತಮಟೆ ಬಡಿದು, ಪಟಾಕಿ ಹಚ್ಚಿ ವರ್ಷದಲ್ಲಿ ಅರ್ಧ ರಾತ್ರಿಗಳನ್ನು ಹೊಲದಲ್ಲೇ ಕಳೆಯುತ್ತಾರೆ. ಪ್ರಾಣ ಕಳೆದುಕೊಂಡವರೂ ಇದ್ದಾರೆ. ಕರುಪ್ಪನ್ ಎಂದು ಜನ ಹೆಸರಿಟ್ಟಿದ್ದ ಒಂದು ಗಂಡಾನೆಯನ್ನು ಸಾಕಾನೆಗಳನ್ನು ತರಿಸಿ, ಹಲವು ಸಲ ಸೋತು, ಕೊನೆಗೆ 2023ರ ಏಪ್ರಿಲ್‌ನಲ್ಲಿ ಅರಿವಳಿಕೆ ಕೊಟ್ಟು ಹಿಡಿದು ದೂರದ ಕಾಡಿಗೆ ಸಾಗಿಸಬೇಕಾಯಿತು. ಆದ್ದರಿಂದ ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇವೆ. ಆನೆ ನೆಂಟ ಎಂದು ಹೇಳುವ ಹಕ್ಕು ಮೊದಲು ಹೊಲ ಕಳೆದುಕೊಂಡವನಿಗಿದೆ, ಆಮೇಲೆ ನಮಗೆ, ಆಮೇಲೆ ಪಟ್ಟಣದವರಿಗೆ. ಆತನ ಬೆಳೆಗೆ ಪರಿಹಾರ ಬೇಗ ಸಿಕ್ಕರೆ ಆತನೂ ಆನೆಗೆ ಕೈಮುಗಿಯುತ್ತಾನೆ. ಅರ್ಜಿ ಹಿಡಿದು ಐದು ಸಲ ಕಚೇರಿಗೆ ಅಲೆದವನ ಬಾಯಲ್ಲಿ ಗಣಪತಿಯ ಹೆಸರು ಬರುವುದಿಲ್ಲ. ಅತಿಥಿ ಸತ್ಕಾರದ ಖರ್ಚನ್ನು ಒಬ್ಬ ಬಡವನ ತಲೆಗೆ ಕಟ್ಟಿ ಊರೆಲ್ಲ ಪುಣ್ಯ ಹಂಚಿಕೊಳ್ಳುವುದು ನ್ಯಾಯವಲ್ಲ.

ಇನ್ನೊಂದು ಮಾತು. ಸತ್ಕಾರ ಜಾಸ್ತಿಯಾದರೂ ನೆಂಟರು ಕೆಡುತ್ತಾರೆ. ಹಾಸನೂರಿನ ಹತ್ತಿರ ಕಾರಪಳ್ಳಂ ಚೆಕ್‌ಪೋಸ್ಟ್ ಇದೆ. ಘಾಟಿ ಇಳಿದು ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಲಾರಿಗಳು ಅಲ್ಲಿ ನಿಲ್ಲಬೇಕು. ಜಾಸ್ತಿ ಹೇರಿದ ಕಬ್ಬನ್ನು ಲಾರಿಯವರು ಅಲ್ಲೇ ಎಸೆಯುತ್ತಿದ್ದರು. ಕೆಲವರು ಪಾಪ ಎಂದು ಆನೆಗೇ ಎಸೆದರು. ಈಗೇನಾಗಿದೆ? ಆನೆಗಳು ರಸ್ತೆ ಬದಿಯಲ್ಲಿ ಕಾದು ನಿಂತು, ಲಾರಿ ಅಡ್ಡಗಟ್ಟಿ, ಸೊಂಡಿಲು ಹಾಕಿ ಜಲ್ಲೆ ಎಳೆಯುತ್ತವೆ. ಕಾರು ಬಂದರೆ ಒಳಗೆ ಇಣುಕಿ ನೋಡುತ್ತವೆ. ಮರಿಗಳು ಕಾಡಿನ ಸೊಪ್ಪು ಹುಡುಕುವುದನ್ನು ಕಲಿಯುವ ಬದಲು ಲಾರಿಯ ಹಾರ್ನ್ ಗುರುತಿಸುವುದನ್ನು ಕಲಿಯುತ್ತಿವೆ. ಮರ್ಯಾದೆಯಿಂದ ಬಂದು ಹೋಗುತ್ತಿದ್ದ ಪ್ರಾಣಿಯನ್ನು ಸುಂಕ ವಸೂಲಿ ಮಾಡುವಂತೆ ಮಾಡಿದ್ದು ಯಾರು? ಕಬ್ಬು ಎಸೆದ ಕೈ.

ಇದನ್ನು ಯಾಕೆ ಇಷ್ಟು ಹೇಳಿದೆವೆಂದರೆ, ಗಡಿಯ ಕನ್ನಡ ಶಾಲೆಗಳಲ್ಲಿ ನಾವು ಮಾಡಿದ್ದೂ ಹೆಚ್ಚುಕಡಿಮೆ ಇದೇ ಕೆಲಸ. ಆನೆಗೆ ಕಬ್ಬು, ಮನುಷ್ಯರಿಗೆ ಹಾರ ಶಾಲು, ಅಷ್ಟೇ ವ್ಯತ್ಯಾಸ.

ನವೆಂಬರ್ ಬಂತೆಂದರೆ ನಮಗೆ ಮುಖ್ಯ ಅತಿಥಿಗಳ ಸುಗ್ಗಿ. ಕೆಲವು ವರ್ಷದ ಹಿಂದೆ ಒಂದು ಸಂಘದವರು ಮಕ್ಕಳಿಗೆ ನೋಟ್‌ಬುಕ್ ಕೊಡುತ್ತೇವೆ ಎಂದು ದಿನ ಗೊತ್ತುಮಾಡಿದರು. ನಾವೂ ಸಂಭ್ರಮದಿಂದ ಒಂದು ವಾರ ಪಾಠ ಬಿಟ್ಟು ಸ್ವಾಗತಗೀತೆ ಕಲಿಸಿದೆವು. ಗೋಡೆಗೆ ಸುಣ್ಣ ಹೊಡೆಸಿದೆವು. ಹತ್ತು ಗಂಟೆಗೆ ಬರುತ್ತೇವೆಂದವರು ಬಂದದ್ದು ಎರಡಕ್ಕೆ. ಮಕ್ಕಳು ಬಿಸಿಲಲ್ಲಿ ಬಾವುಟ ಹಿಡಿದು ಸಾಲಾಗಿ ಕುಳಿತೇ ಇದ್ದರು. ಊಟದ ಗಂಟೆಯನ್ನೂ ಹೊಡೆಯಲಿಲ್ಲ ನಾವು, ಮಧ್ಯದಲ್ಲಿ ಬಂದುಬಿಟ್ಟರೆ ಎಂದು. ಬಂದವರು ಬ್ಯಾನರ್ ಕಟ್ಟಿ, ಹಾರ ಹಾಕಿಸಿಕೊಂಡು, ಗಡಿ ಕನ್ನಡಿಗರ ಕಷ್ಟದ ಬಗ್ಗೆ ಭಾಷಣ ಮಾಡಿ, ಫೋಟೊ ತೆಗೆಸಿಕೊಂಡು ಅರ್ಧ ಗಂಟೆಯಲ್ಲಿ ಹೊರಟರು. ಒಂದು ಮಗುವಿನ ಹೆಸರು ಕೇಳಲಿಲ್ಲ. ಅವರು ಹೋದ ಮೇಲೆ ಎರಡನೇ ತರಗತಿಯ ಹುಡುಗಿ ಕೇಳಿದಳು: "ಸಾ, ನಾವು ಪಾಪದೋರಾ?"

ಭಾಷಣದಲ್ಲಿ ಪಾಪ ಎಂಬ ಮಾತು ನಾಲ್ಕೈದು ಸಲ ಬಂದಿತ್ತು. ಮಗು ಅದನ್ನೇ ಹಿಡಿದುಕೊಂಡಿತ್ತು.

ಇದರಲ್ಲಿ ಬಂದವರ ತಪ್ಪಿಗಿಂತ ನಮ್ಮ ತಪ್ಪೇ ಹೆಚ್ಚು ಎಂದು ಈಗ ಅನ್ನಿಸುತ್ತದೆ. ಮಕ್ಕಳನ್ನು ಹಸಿದು ಕೂರಿಸಿದವರು ನಾವು. ಸುಣ್ಣ ಹೊಡೆದು ಇದ್ದದ್ದನ್ನು ಮುಚ್ಚಿದವರು ನಾವು. ಹಾರ ತಂದವರೂ ನಾವೇ. ನೋಟ್‌ಬುಕ್ ಬೇಡವೆನ್ನುತ್ತಿಲ್ಲ, ಕೊಟ್ಟವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ದಿನ ಗೊತ್ತುಮಾಡಿ ಬರುವವರಿಗೆ ನಮ್ಮ ಶಾಲೆ ಕಾಣುವುದೇ ಇಲ್ಲ. ಕಾಣುವುದು ನಾವು ಅವರಿಗಾಗಿ ಕಟ್ಟಿದ ತೋರಣ.

ಇನ್ನೊಬ್ಬರ ಕಥೆ ಕೇಳಿ. ಒಂದು ಜೂನ್ ತಿಂಗಳ ಮಧ್ಯಾಹ್ನ ಶಾಲೆಯ ಮುಂದೆ ಒಂದು ಬೈಕು ಪಂಕ್ಚರ್ ಆಯಿತು. ವಯಸ್ಸಾದವರು, ಚಾಮರಾಜನಗರದ ಕಡೆಯವರು, ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಯಾವುದೋ ಮದುವೆಯ ಕಾಗದ ಕೊಡಲು ಬಂದಿದ್ದರಂತೆ. ಹುಡುಗನೊಬ್ಬ ಗಾಡಿ ತಳ್ಳಿಕೊಂಡು ಪಂಕ್ಚರ್ ಹಾಕಿಸಲು ಹೋದ, ಇವರು ನೀರು ಕೇಳಿಕೊಂಡು ಒಳಗೆ ಬಂದರು. ಊಟದ ಹೊತ್ತು. ಮಕ್ಕಳ ಸಾಲಿನಲ್ಲೇ ಕುಳಿತು ಅನ್ನ ಸಾರು ಮೊಟ್ಟೆ ಉಂಡರು. ಪಕ್ಕದ ಹುಡುಗನಿಗೆ ಹೆಸರು ಕೇಳಿದರು, ಅಪ್ಪ ಏನು ಮಾಡುತ್ತಾರೆ, ಎಷ್ಟು ಜಮೀನು ಎಂದು ಕೇಳಿದರು. ಅವನು ಐವತ್ತು ಸೆಂಟು ಅಂದ. ಇವರು ನಕ್ಕು, ಹಾಗಾದರೆ ಇಪ್ಪತ್ತು ಗುಂಟೆ ಅಂದರು.

ಅಲ್ಲಿಂದ ಶುರುವಾಯಿತು ನೋಡಿ. ಈ ಕಡೆ ಸೆಂಟು, ಆ ಕಡೆ ಗುಂಟೆ. ಊಟ ಆದ ಮೇಲೆ ಇವರು ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, 33 ಅಡಿ ಉದ್ದ 33 ಅಡಿ ಅಗಲ ಅಳೆದು ನಾಲ್ಕು ಮೂಲೆಗೆ ನಾಲ್ಕು ಮಕ್ಕಳನ್ನು ನಿಲ್ಲಿಸಿ, ಇದು ಒಂದು ಗುಂಟೆ ಅಂದರು. ಇಂಥ ನಲವತ್ತು ಸೇರಿದರೆ ಒಂದು ಎಕರೆ. ನಿಮ್ಮಲ್ಲಿ ಅದೇ ಎಕರೆಯನ್ನು ನೂರು ಸೆಂಟು ಮಾಡುತ್ತಾರೆ, ಹಾಗಾದರೆ ಒಂದು ಗುಂಟೆಗೆ ಎಷ್ಟು ಸೆಂಟು? ಎರಡೂವರೆ ಎಂದು ಮೊದಲು ಕೂಗಿದವಳು ಯಾವತ್ತೂ ಬಾಯಿ ಬಿಡದ ಹುಡುಗಿ. "ನೋಡ್ರಪ್ಪ, ಎಕರೆ ಎರಡು ಕಡೆಯೂ ಒಂದೇ. ಭಾಗ ಮಾಡೋದು ಮಾತ್ರ ಬೇರೆ" ಎಂದರು ಅವರು. ಅವರು ಹೇಳಿದ್ದು ಭೂಮಿಯ ಲೆಕ್ಕ. ಕೇಳುತ್ತ ನಿಂತ ನಮಗೆ ಬೇರೆ ಏನೇನೋ ಹೊಳೆಯಿತು.

ಅವರು ಹೊರಡುವಾಗ ಅದೇ ಹುಡುಗಿ ಕೇಳಿದಳು: "ಸಾ, ನೀವು ಆಪೀಸಲ್ಲೂ ಕನ್ನಡದಲ್ಲೇ ಬರೀತಿದ್ರಾ?"

ಓದುಗ ಮಿತ್ರರೆ, ಈ ಪ್ರಶ್ನೆಯ ತೂಕ ಬೆಂಗಳೂರಿನಲ್ಲಿ ಕುಳಿತವರಿಗೆ ಸುಲಭಕ್ಕೆ ತಿಳಿಯುವುದಿಲ್ಲ. ನಮ್ಮ ಮಕ್ಕಳಿಗೆ ಕನ್ನಡವೆಂದರೆ ಅವ್ವನ ಮಾತು, ಮೇಕೆ ಕರೆಯುವ ಮಾತು, ಇಬ್ಬರು ಮೇಷ್ಟ್ರ ಪಾಠದ ಮಾತು. ಕಚೇರಿಯ ಮಾತು ತಮಿಳು. ಅದರಲ್ಲಿ ತಪ್ಪೇನೂ ಇಲ್ಲ, ಇದು ತಮಿಳುನಾಡು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಮಕ್ಕಳು ತಮಿಳನ್ನು ಕಲಿಯಲೇಬೇಕು. ಕಲಿಯಲಿ, ಅನ್ನ ಕೊಡುವ ನೆಲದ ಭಾಷೆ. ತಮಿಳು ಬಂದಿದ್ದರಿಂದ ಕನ್ನಡ ಹೋಗುವುದಿಲ್ಲ. ಕನ್ನಡ ಹೋಗುವುದು ಅದನ್ನು ಮಾತಾಡಿಕೊಂಡು ಯಾರೂ ಬಾರದಿದ್ದಾಗ. ಕನ್ನಡದಲ್ಲಿ ಭೂಮಿ ಅಳೆಯಬಹುದು, ಕಡತ ಬರೆಯಬಹುದು, ಸಂಬಳ ತರಬಹುದು ಎಂಬುದನ್ನು ನಾವು ನೂರು ಸಲ ಹೇಳಿದರೂ ಮಕ್ಕಳು ನಂಬಲಿಲ್ಲ. ಹಾಗೆ ಬದುಕಿದ ಒಬ್ಬ ಮನುಷ್ಯ ಪಕ್ಕದಲ್ಲಿ ಕುಳಿತು ಮೊಟ್ಟೆ ಸುಲಿದು ತಿಂದಾಗ ನಂಬಿದರು.

ಹಿರಿಯರು ಆಮೇಲೂ ಮೂರು ನಾಲ್ಕು ಸಲ ಬಂದರು. ಹೇಳಿ ಬಂದದ್ದು ಒಮ್ಮೆಯೂ ಇಲ್ಲ. ಬಂದಾಗ ಕೈಯಲ್ಲಿ ಒಂದು ಅಳತೆ ಟೇಪು, ಜೇಬಿನಲ್ಲಿ ಕಡಲೆಮಿಠಾಯಿ. ಅವರಿಗೆ ನಾವು ಹಾರ ಹಾಕಿಲ್ಲ, ಶಾಲು ಹೊದಿಸಿಲ್ಲ. ಮಕ್ಕಳು ಅವರನ್ನು ಗುಂಟೆ ತಾತ ಎಂದು ಕರೆಯುತ್ತಾರೆ. ಇದಕ್ಕಿಂತ ದೊಡ್ಡ ಬಿರುದನ್ನು ಯಾವ ಸಂಘ ಕೊಟ್ಟೀತು?

ಕನ್ನಡ ಮಾಧ್ಯಮಕ್ಕೆ ಮಕ್ಕಳು ಕಡಿಮೆಯಾಗುತ್ತಿದ್ದಾರೆ ಎಂಬುದು ನಮ್ಮ ನಿತ್ಯದ ಚಿಂತೆ. ಖಾಸಗಿ ಶಾಲೆಯ ವ್ಯಾನು ಮನೆ ಬಾಗಿಲಿಗೆ ಬರುತ್ತದೆ, ಟೈ ಬೂಟು ಕೊಡುತ್ತದೆ. ಕನ್ನಡ ಓದಿ ಏನು ಮಾಡುವುದು ಎಂದು ಅಪ್ಪ ಅಮ್ಮ ಕೇಳಿದರೆ ತಪ್ಪು ಹುಡುಕಲು ನಮಗೆ ಬಾಯಿಲ್ಲ. ಆ ಪ್ರಶ್ನೆಗೆ ಸರ್ಕಾರದ ಆದೇಶ ಉತ್ತರವಾಗಲಾರದು, ನವೆಂಬರಿನ ಭಾಷಣ ಉತ್ತರವಾಗಲಾರದು. ಬಂದು ಹೋಗುವ ಜನ ಉತ್ತರವಾದಾರು. ಮನೆಯಿಂದ ಮನೆಗೆ ಹೋಗಿ ಬಂದರೆ ನಂಟು ಉಳಿಯುತ್ತದೆ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಭಾಷೆಯೂ ಹಾಗೆಯೇ.

ದೀಪಾವಳಿ ಮುಗಿದ ಮೇಲೆ ನಮ್ಮ ಗುಮಟಾಪುರದ ಗೊರೆಹಬ್ಬಕ್ಕೆ ಒಮ್ಮೆ ಬಂದು ನೋಡಿ. ಬೀರೇಶ್ವರನ ಗುಡಿಯ ಹತ್ತಿರ ಸಗಣಿ ರಾಶಿ ಹಾಕಿಕೊಂಡು ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ಆ ಕಡೆಯ ಊರುಗಳಿಂದಲೂ ಜನ ಬರುತ್ತಾರೆ. ಅಲ್ಲಿ ಮುಖ್ಯ ಅತಿಥಿ ಯಾರು? ಹತ್ತು ನಿಮಿಷದಲ್ಲಿ ಎಲ್ಲರ ಮುಖವೂ ಒಂದೇ ಬಣ್ಣ. ಯಾವ ರಾಜ್ಯದವನು ಎಂದು ಗುರುತಿಸಲು ಮೊದಲು ಕೆರೆಗೆ ಇಳಿದು ಮುಖ ತೊಳೆಯಬೇಕು.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ. ನವೆಂಬರ್ ಬಿಟ್ಟು ಬನ್ನಿ. ಜೂನ್‌ನಲ್ಲಿ ಬನ್ನಿ, ಆಗಸ್ಟ್‌ನಲ್ಲಿ ಬನ್ನಿ, ಮಂಗಳವಾರ ಬನ್ನಿ. ಬ್ಯಾನರ್ ಬೇಡ. ನಿಮ್ಮ ಕಸುಬನ್ನು ಜೊತೆಗೆ ತನ್ನಿ. ನೀವು ನರ್ಸ್ ಆಗಿದ್ದರೆ ಮಕ್ಕಳ ಕೈ ಹಿಡಿದು ನಾಡಿ ನೋಡುವುದನ್ನು ಕಲಿಸಿ. ಬಸ್ ಕಂಡಕ್ಟರ್ ಆಗಿದ್ದರೆ ಟಿಕೆಟ್ಟಿನ ಲೆಕ್ಕ ಹೇಳಿ. ಬಡಗಿಯಾಗಿದ್ದರೆ ನಮ್ಮ ಮುರಿದ ಬೆಂಚಿನ ಮುಂದೆ ಕುಳಿತು ಕೆಲಸ ಮಾಡುತ್ತ ಮಾತಾಡಿ. ಮಕ್ಕಳ ಸಾಲಿನಲ್ಲಿ ಕುಳಿತು ಉಣ್ಣಿ. ಪಾಪ ಅನ್ನಬೇಡಿ, ಹೆಸರು ಕೇಳಿ. ಸುಣ್ಣ ಹೊಡೆಯದ ನಮ್ಮ ಗೋಡೆ ನೋಡಿ ಬೇಸರಪಡಬೇಡಿ, ಅದರ ಮೇಲೆ ನಾಲ್ಕು ಅಡಿಗೆ ಒಂದು ಬಳಪದ ಗೆರೆ ಇದೆ, ಯಾಕೆಂದು ಮಕ್ಕಳನ್ನು ಕೇಳಿ.

ದಾರಿಯಲ್ಲಿ ಮಾತ್ರ ನಮ್ಮ ಇನ್ನೊಂದು ಬಳಗದ ಮರ್ಯಾದೆ ಕಾಪಾಡಿ. 2022ರ ಫೆಬ್ರವರಿಯಲ್ಲಿ ಹೈಕೋರ್ಟಿನ ಆದೇಶದಂತೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿದೆ. ನಮಗೆ ಅದರಿಂದ ತೊಂದರೆಯೂ ಇದೆ, ಆದರೂ ರಾತ್ರಿಯ ರಸ್ತೆ ಅವರದ್ದು ಎಂದು ಒಪ್ಪಿಕೊಳ್ಳಬೇಕು. ಹಗಲಿನಲ್ಲೇ ಬನ್ನಿ. ಆನೆ ಕಂಡರೆ ಗಾಡಿಯಿಂದ ಇಳಿಯಬೇಡಿ, ಹಾರ್ನ್ ಹೊಡೆಯಬೇಡಿ, ಫೋಟೊಕ್ಕಾಗಿ ಹತ್ತಿರ ಹೋಗಬೇಡಿ. ಕೋತಿಗೆ ಬಿಸ್ಕತ್ತು ಎಸೆಯಬೇಡಿ. ಅವರ ಮನೆಯೊಳಗೆ ಹಾದು ಬರುವಾಗ ನೆಂಟರು ನೀವು, ಅವರಲ್ಲ.

ಬೇಲಿ ಮುರಿದ ಜಾಗವನ್ನು ನಾವು ಸರಿಮಾಡಿದ್ದೇವೆ. ಮಕ್ಕಳು ಮತ್ತೆ ಎರಡು ಬಾಳೆಗಿಡ ನೆಟ್ಟಿದ್ದಾರೆ. ಈ ಸಲ ಬೇಲಿಯ ಪಕ್ಕ ಬೇಡ, ಅವರು ರುಚಿ ನೋಡಿಕೊಂಡು ದಿನಾ ಬಂದಾರು ಎಂದು ಅಡುಗೆಮನೆಯ ಗೋಡೆಯ ಹತ್ತಿರ ನೆಟ್ಟೆವು. ರಾಗಿ ಕಳೆದುಕೊಂಡವರ ಮಗಳೇ ಗುಣಿ ತೋಡಿದಳು. ಅವರಪ್ಪನ ಅರ್ಜಿಯನ್ನು ನಾವೇ ಕುಳಿತು ಬರೆದುಕೊಟ್ಟಿದ್ದೇವೆ, ತಮಿಳಿನಲ್ಲಿ. ಪರಿಹಾರ ಬಂದ ದಿನ ಇಲ್ಲೇ ಬರೆದು ತಿಳಿಸುತ್ತೇವೆ.

ಅಷ್ಟರಲ್ಲಿ ನೀವೂ ಈ ಕಡೆ ಬಂದರೆ ಶಾಲೆಗೆ ಬನ್ನಿ. ಫೋನ್ ಮಾಡಬೇಕಿಲ್ಲ. ಒಂದು ತಟ್ಟೆ ಹೆಚ್ಚಿಗೆ ಇಟ್ಟೇ ಇರುತ್ತೇವೆ.